ಸೆಲ್ವಿ ಅಳಿಸಿದ ಗುರುತು

ಆಗ ಶಿವಮೊಗ್ಗದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಒಂದು ಬ್ಯಾಕ್ಟೀರಿಯಾದ ಡಿ.ಎನ್.ಎ.ಯಲ್ಲಿ ಜೀನ್‌ಗಳು ಎಲ್ಲೆಲ್ಲಿ ಶುರುವಾಗುತ್ತವೆ ಅಂತ ಕಂಪ್ಯೂಟರ್ ತೋರಿಸಿದ್ದನ್ನು ಮಕ್ಕಳು ಪರೀಕ್ಷಿಸಬೇಕಿತ್ತು. ಇದು ನಿಜವಾದ ಸಂಶೋಧನೆ ಅಂತ ನಾನೇ ಹುರಿದುಂಬಿಸಿದ್ದೆ. ಭದ್ರಾವತಿಯಿಂದ ಬರುತ್ತಿದ್ದ ಸೆಲ್ವಿ ರೆಕಾರ್ಡ್ ಪುಸ್ತಕ ಹಿಡಿದು ಬಂದಳು.

“ಸರ್, ಈ ಜೀನು ಕಂಪ್ಯೂಟರ್ ಹೇಳಿದ್ದಕ್ಕಿಂತ ಮೊದಲೇ ಶುರುವಾಗುತ್ತೆ ಅನ್ಸುತ್ತೆ. ಬೇರೆ ಬ್ಯಾಕ್ಟೀರಿಯಾಗಳಲ್ಲೂ ಹಾಗೇ ಇದೆ.”

ಎಕ್ಸಾಮಿನರ್ ಬರುವ ದಿನ ಹತ್ತಿರವಿತ್ತು. “ಎಲ್ಲರ ರೆಕಾರ್ಡೂ ಒಂದೇ ಥರ ಇರಬೇಕಮ್ಮ. ಅಳಿಸಿ ಬರಿ,” ಅಂದೆ. ಅವಳು ರಬ್ಬರ್ ತಗೊಂಡಳು.

ಎರಡು ವರ್ಷದ ಮೇಲೆ ನೋಡಿದರೆ, ವಿಜ್ಞಾನಿಗಳೆಲ್ಲ ಬಳಸುವ ಜೀನ್‌ಗಳ ಡೇಟಾಬೇಸಿನಲ್ಲಿ ಯಾರೋ ಆ ಜೀನನ್ನು ತಿದ್ದಿದ್ದರು, ಸೆಲ್ವಿ ಹೇಳಿದ ಜಾಗಕ್ಕೇ. ಕೆಳಗೆ ತಪ್ಪು ಕಂಡುಹಿಡಿದವರು ಅಂತ ಆ ತಿದ್ದಿದವರ ಹೆಸರಿತ್ತು. ಸೆಲ್ವಿಯ ಹಳೇ ರೆಕಾರ್ಡ್ ಹುಡುಕಿ ತೆಗೆದೆ. ಅವಳು ಅಳಿಸಿದ ಪೆನ್ಸಿಲ್ ಗುರುತು ಇನ್ನೂ ಕಾಣುತ್ತಿತ್ತು. ಪಕ್ಕದಲ್ಲೇ ಕೆಂಪು ಇಂಕಿನಲ್ಲಿ ನನ್ನ ಸಹಿ. ಅಚ್ಚುಕಟ್ಟಾಗಿದೆ ಅಂತ ಹತ್ತಕ್ಕೆ ಹತ್ತು ಕೊಟ್ಟಿದ್ದೆ.