ಗುಡ್ಡ ಇಳಿದು ಹೂಲಿಗೆ

ಬೆಳಿಗ್ಗೆ ಆರೂವರೆಗೆ ಬೈಲಹೊಂಗಲದಲ್ಲಿ ಸವದತ್ತಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ನೋಡಿ ಕಂಡಕ್ಟರ್ ಹೆಂಗಸರಿಗಿರುವ ಶೂನ್ಯ ಟಿಕೆಟ್ ಹರಿದುಕೊಟ್ಟ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಇದು ನನ್ನ ಹನ್ನೊಂದನೆಯ ಹುಣ್ಣಿಮೆ. ಪ್ರತಿ ಸಲವೂ ಸವದತ್ತಿಯಿಂದ ಬರಿಗಾಲಲ್ಲಿ ಗುಡ್ಡಕ್ಕೆ ನಡೆದು, ದರ್ಶನ ಮಾಡಿ, ಹೋದ ಹಾಗೆಯೇ ಮರಳಿದ್ದೆ.

ದೇವರ ವಿಷಯದಲ್ಲಿ ನಾನು ಸೋಮಾರಿಯಲ್ಲ. ಮೂವತ್ತು ವರ್ಷದಿಂದ ನಸುಕಿನಲ್ಲೆದ್ದು ಲಿಂಗಪೂಜೆ ಮಾಡುತ್ತೇನೆ. ಮುಗಿಯುವ ತನಕ ಯಾರೊಂದಿಗೂ ಮಾತಿಲ್ಲ. ಕಳೆದ ವರ್ಷ ಒಂದು ಮುಂಜಾನೆ ಹಾಗೆ ಕುಳಿತಿದ್ದಾಗ ಯಾರೋ ಬಾಗಿಲು ಬಡಿದರು. "ದೊಡ್ಡವ್ವಾ, ನಾ ಸುಧಾ." ನನ್ನ ತಂಗಿಯ ಮಗಳು. ಗಂಡ ಹೊಡೆಯುತ್ತಾನೆಂದು ನನಗೆ ಗೊತ್ತಿತ್ತು. ಆದರೂ ಏಳಲಿಲ್ಲ. ಪೂಜೆ ಮುಗಿಸಿ ಬಾಗಿಲು ತೆರೆದಾಗ ಓಣಿ ಖಾಲಿ. ನಾಲ್ಕನೆಯ ದಿನ ರಾಮದುರ್ಗದ ಕಡೆಯ ಅವಳ ಗಂಡನ ಊರಿನಿಂದ ಸಾವಿನ ಸುದ್ದಿ ಬಂತು. ಬಾವಿಯಲ್ಲಿ ಸಿಕ್ಕಳಂತೆ. ಅವಳು ನನ್ನ ಬಾಗಿಲಿಗೆ ಬಂದದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಗುಡ್ಡದಲ್ಲಿ ಎರಡು ತಾಸು ಪಾಳಿ. ಗರ್ಭಗುಡಿಯ ಮುಂದೆ ನಿಂತಾಗ, ಈ ಸಲ ಬಾಯಿಬಿಟ್ಟೇ ಅಂದೆ: "ಬಾಗ್ಲಾ ತೆಗೀಲಿಲ್ಲವ್ವಾ ನಾ."

"ಆತ್ರಿ, ಮುಂದ ನಡೀರಿ," ಎಂದು ಪಾಳಿ ನೋಡುವವನು ಕೈಬೀಸಿದ.

ಹೊರಗೆ ಬಂದು ಬಹಳ ಹೊತ್ತು ಕಟ್ಟೆಯ ಮೇಲೆ ಕುಳಿತೆ. ಇದನ್ನು ಕೇಳಬೇಕಾದವಳು, ಸುಧಾಳ ತಾಯಿ, ಹೂಲಿಯಲ್ಲಿದ್ದಳು. ಟೆಂಪೊದಲ್ಲಿ ಸವದತ್ತಿಗೆ ಇಳಿದು ಹೂಲಿ ಬಸ್ಸು ಹಿಡಿದೆ. ಹತ್ತು ಕಿಲೋಮೀಟರಿನೊಳಗಿನ ದಾರಿ. ಅದನ್ನು ಒಂದು ವರ್ಷ ತಪ್ಪಿಸಿದ್ದೆ.

ತಂಗಿ ಮಹಾದೇವಿ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. "ಬಾರಕ್ಕಾ, ಕುಂದ್ರು," ಎಂದು ನೀರು ಕೊಟ್ಟಳು. ನಾನು ಕುಡಿಯಲಿಲ್ಲ.

"ಮಹಾದೇವಿ, ಆವತ್ತ ಸುಧಾ ನಮ್ಮ ಮನಿಗೆ ಬಂದಿದ್ಲು. ನಾ ಪೂಜಿಗೆ ಕುಂತಿದ್ದೆ. ಬಾಗ್ಲಾ ತೆಗೀಲಿಲ್ಲ."

ಅವಳ ಕೈ ಮೊರದ ಮೇಲೆ ನಿಂತಿತು.

"ಗೊತ್ತೈತಿ. ಬಸ್ಸಿನಾಗಿಂದ ಫೋನ್ ಮಾಡಿದ್ಲು. ದೊಡ್ಡವ್ವ ಪೂಜ್ಯಾಗ ಅದಾಳ, ನಡುವ ಎಬ್ಬಸಬಾರ್ದು, ಗಂಡನ ಮನಿಗೆ ಹೊಳ್ಳಿ ಹೊಂಟೇನಿ ಅಂದ್ಲು." ಮೊರ ಬದಿಗಿಟ್ಟು ಹೇಳಿದಳು: "ಇಲ್ಲಿಗೆ ಬಾ ಅಂತ ನಾನೂ ಅನ್ನಲಿಲ್ಲ. ಹೂಂ ಅಂದು ಫೋನ್ ಇಟ್ಟೆ."

"ನನ್ನ ಯಾಕ ಕೇಳಲಿಲ್ಲ ನೀ?"

"ನೀನಽ ಬಂದು ಹೇಳ್ತಿ ಅಂತ ಕಾದೆ. ತಿಂಗಳಾ ಗುಡ್ಡಕ್ಕ ಬರ್ತಿ ಅಂತ ಮಂದಿ ಹೇಳ್ತಿದ್ರು."

ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಳಿದ ಕಡಲೆಯನ್ನು ಇಬ್ಬರೂ ಕೂಡಿ ಹಸನು ಮಾಡಿದೆವು.

ಐದರ ಬಸ್ಸಿಗೆ ಅವಳೂ ನಿಲ್ದಾಣದ ತನಕ ಬಂದಳು. "ಆತು ಬಿಡು ಅಂತ ಅನ್ನಾಕ ನನಗ ಆಗೂದಿಲ್ಲಕ್ಕಾ," ಎಂದಳು. ನಾನು ತಲೆಯಾಡಿಸಿದೆ. ಬಸ್ಸು ಹತ್ತುವಾಗ ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ಮುಂದಿನ ಹುಣ್ಣಿಮಿಗೆ ಗುಡ್ಡಕ್ಕ ಹೋಗಬ್ಯಾಡ. ನೆಟ್ಟಗ ಇಲ್ಲಿಗೆ ಬಾ."

ಬಸ್ಸು ತಿರುವಿನಲ್ಲಿ ಹೊರಳಿದಾಗ ಹಿಂದೆ ನೋಡಿದೆ. ಅವಳು ಆಗಲೇ ಮನೆಯ ಕಡೆ ನಡೆಯುತ್ತಿದ್ದಳು. ತಿರುಗಿ ನೋಡಲಿಲ್ಲ.