ಗಾಳಿ ಬೇಡಿದ ಅವ್ವ

ನಮ್ಮದು ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಸೀಮೆಯ ಮಂಗಳೂರು. ಇಲ್ಲಿ ಕೂತು ದಿನಾ ಕಡಲಿನ ಹವಾಮಾನ ನೋಡುವವರು ನಾವಷ್ಟೇ ಇರಬೇಕು. ಬೆಳಗಿನ ಚಹಾ ಒಲೆಯ ಮೇಲಿರುವಾಗಲೇ ನಾನು ಮೊಬೈಲ್ ತೆಗೆದು ಅವ್ವನಿಗೆ ಓದಿ ಹೇಳಬೇಕು: ಅಲೆ ಎಷ್ಟು ಅಡಿ, ಗಾಳಿ ಎಷ್ಟು ಜೋರು. ನನ್ನ ತಂಗಿ ಕರಾವಳಿಯ ಶಾಲೆಯೊಂದರಲ್ಲಿ ಆಟದ ಟೀಚರ್. ಊರ ಬಾವಿಯಲ್ಲಿ ಈಜು ಕಲಿತವಳು ಅಲ್ಲಿಗೆ ಹೋಗಿ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು ಕಲಿತಳು. ಅದನ್ನು ಮಕ್ಕಳಿಗೆ ಕಲಿಸಬೇಕೆಂದು ತರಬೇತುದಾರರ ಪರೀಕ್ಷೆಗೆ ಕಟ್ಟಿದ್ದಳು.

"ಗಾಳಿ ಭಾಳ ಐತೇನ?" ಇದು ಅವ್ವನ ಮೊದಲ ಪ್ರಶ್ನೆ. ಇದೆ ಎಂದರೆ ಮುಖ ಅರಳುತ್ತಿತ್ತು. ಇಲ್ಲವೆಂದರೆ, "ಪಾಪ, ಹುಡುಗಿದು ಒಂದು ದಿನ ಹಾಳಾತು" ಎನ್ನುವಳು. ಬದುಕಿಡೀ ಕಣದಲ್ಲಿ ಗಾಳಿಗೆ ಕಾದವಳು, ಅದು ಬೀಸದಿದ್ದರೆ ಮೊರ ಎತ್ತಿ ಕೂಗಿ ಕರೆದವಳು. ಗಾಳಿ ಬಂದಾಗ ತೂರಿಕೋ ಎಂಬುದು ಅವಳಿಗೆ ಗಾದೆಯಲ್ಲ, ಕೆಲಸ. ಅವಳನ್ನು ತಿದ್ದಲು ನನಗೂ ಕಡಲಿನದೇನೂ ಗೊತ್ತಿರಲಿಲ್ಲ. ಗೊತ್ತಿದ್ದವಳಂತೆ ಓದುತ್ತಿದ್ದೆ, ಅಷ್ಟೇ.

ಪರೀಕ್ಷೆಯ ಹಿಂದಿನ ಶನಿವಾರ ಅವ್ವ ಹಣಮಪ್ಪನಿಗೆ ಎಣ್ಣೆ ಹಾಕಿ, ಹರಕೆ ಹೊತ್ತು ಬಂದಳು. "ಗಾಳಿದೇವರ ಮಗ ಅದಾನ. ಆ ದಿನ ಗಾಳಿ ಛಲೋ ಬಿಡಪಾ ಅಂತ ಹೇಳಿ ಬಂದೀನಿ."

ಹಣಮಪ್ಪ ಚಾಚೂ ತಪ್ಪದೆ ನಡೆಸಿಕೊಟ್ಟ. ತಂಗಿ ನಪಾಸಾದಳು. "ಗಾಳಿ ಬರಬಾರದಿತ್ತಕ್ಕಾ. ಗಾಳಿ ಎದ್ರ ಅಲಿ ಒಡದು ಚೂರಾಗ್ತಾವ, ನಿಲ್ಲಾಕ ಆಗಂಗಿಲ್ಲ" ಎಂದು ಫೋನಿನಲ್ಲಿ ಅತ್ತಳು. ಸ್ಪೀಕರ್ ಹಾಕಿದ್ದೆ, ಅವ್ವನಿಗೂ ಕೇಳಿಸಿತು. ನಾನೋ, ಸುಮ್ಮನಿರಲಾರದವಳು, "ದೇವರಿಗೆ ಹೇಳೂಕಿಂತ ಮದಲ ಮಗಳನ್ನ ಕೇಳಬೇಕಿತ್ತಬೇ" ಎಂದು ಚಾಷ್ಟಿ ಮಾಡಿದೆ.

"ನನ್ನ ಕೈಯಾರೆ ಆಕಿ ಬಾಯಾಗ ಮಣ್ಣ ಹಾಕಿದೆ" ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಆ ದಿನ ಅವಳು ಉಣ್ಣಲಿಲ್ಲ. ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು.

ಮುಂದಿನ ತಿಂಗಳು ಮರುಪರೀಕ್ಷೆ, ಒಂದು ಭಾನುವಾರ. ಅದೇ ಬೆಳಿಗ್ಗೆ ಮನೆಬಳಕೆಯ ಕಡಲೆ ತೂರುವುದಿತ್ತು. ಬೇವೂರಿನಿಂದ ಸೋದರತ್ತೆಯೂ ಬಂದಿದ್ದಳು. ಕಣದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ಅತ್ತೆ ಗಾಳಿಗೆ ಬೈಯುತ್ತಿದ್ದರೆ ಅವ್ವ ರಾಶಿಯ ಪಕ್ಕ ನಗುತ್ತ ಕೂತಿದ್ದಳು. ನಮ್ಮ ಹೊಲದ ಗಾಳಿಯೇ ಬೇರೆ, ಆ ಕಡಲಿನದೇ ಬೇರೆ ಎಂದು ಹೇಳಲು ಈ ಸಲ ನನಗೆ ಬಾಯಿ ಬರಲಿಲ್ಲ.

ಹತ್ತು ಗಂಟೆಗೆ ಗಾಳಿ ಎದ್ದಿತು, ತೂರಲು ಹೇಳಿ ಮಾಡಿಸಿದಂಥದ್ದು. ಅತ್ತೆ ಮೊರ ತುಂಬಿಕೊಂಡು ಎದ್ದಳು. ಅವ್ವ ಅವಳ ಕೈ ಹಿಡಿದಳು.

"ತಡಿಯವಾ. ಈಗ ತೂರಿದ್ರ ಗಾಳಿನ್ನ ಕರದಂಗ ಆಕ್ಕೈತಿ. ಹುಡುಗಿ ಇನ್ನಾ ನೀರಾಗ ಅದಾಳ."

ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಕೈಯಿಂದ ಮೊರ ಇಸಿದುಕೊಂಡು ಕೆಳಗಿಟ್ಟೆ. ಒಳ್ಳೆಯ ಗಾಳಿ ಸುಮ್ಮನೆ ಹಾದುಹೋಗುತ್ತಿತ್ತು. ನಾವು ಮೂವರೂ ಫೋನ್ ನೋಡುತ್ತ ಕೂತೆವು.

ಹನ್ನೊಂದು ದಾಟಿದ ಮೇಲೆ ಅದು ರಿಂಗಾಯಿತು. "ಪಾಸಾದೆನಬೇ ಅವ್ವಾ!"

ಅಷ್ಟರಲ್ಲಿ ಗಾಳಿ ನಿಂತುಬಿಟ್ಟಿತ್ತು. ಅವ್ವ ಕಣ್ಣೊರೆಸಿಕೊಂಡು ಎದ್ದಳು, ಮೊರವನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಗಂಟಲು ಬಿಚ್ಚಿ ಗಾಳಿಯನ್ನು ಕರೆದಳು.