ತಂಗಿಗೆ ಕೊಟ್ಟ ರಕ್ತ

ಇವತ್ತು ಬೆಳಿಗ್ಗೆ ಅಂಗಡಿಗೆ ಬಂದ ಹೆಂಗಸೊಬ್ಬರ ತೋಳಿಗೆ ಹತ್ತಿಯ ಉಂಡೆ ಅಂಟಿಸಿತ್ತು. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ಸರಿದೆ. ಹೊಸನಗರದಲ್ಲಿ ಕೋಳಿ ಅಂಗಡಿ ಇಟ್ಟವನು, ಕತ್ತಿ ಹಿಡಿದು ನಿಂತವನು, ಹತ್ತಿಗೆ ಹೆದರಿದ್ದು ಕಂಡು ಅವರು, "ಎಂತ ಆಯ್ತ್ರೀ ನಿಮ್ಗೆ?" ಅಂದರು. ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನನಗೆ ಸೂಜಿ ಅಂದರೆ ಆಗುವುದಿಲ್ಲ. ಶಾಲೆಗೆ ಚುಚ್ಚುಮದ್ದಿನವರು ಬಂದ ದಿನ ಕಿಟಕಿ ಹಾರಿ ಓಡಿದವನು ಮತ್ತೆ ಒಳಗೆ ಹೋಗಲೇ ಇಲ್ಲ. ನನ್ನ ವಿದ್ಯಾಭ್ಯಾಸ ಆರನೇ ಕ್ಲಾಸಿನ ಆ ಕಿಟಕಿಯಲ್ಲೇ ಮುಗಿಯಿತು. ಅದೇ ದಿನ ಒಂದನೇ ಕ್ಲಾಸಿನಲ್ಲಿದ್ದ ನನ್ನ ತಂಗಿ ಸುಮ ತೋಳು ಚಾಚಿ ನಿಂತಿದ್ದಳಂತೆ. ಅವಳು ಓದಿದಳು. ಈಗ ಸಾಗರದ ಕಾಲೇಜೊಂದರಲ್ಲಿ, ಇಲಿಗಳ ಬಾಯಿಂದ ತೆಗೆದ ಬ್ಯಾಕ್ಟೀರಿಯಾ ಸಾಕುತ್ತಾಳೆ. ಎಮ್ಮೆ, ನಾಯಿ, ಬೆಕ್ಕು ಎಲ್ಲ ಬಿಟ್ಟು!

ಅವು ರಕ್ತದ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತವೆ ಎಂದು ಅವಳೇ ಹೇಳಿದ್ದು. ಈ ಕಡೆ ಒಂದು ಕಣ, ಆ ಕಡೆ ಇನ್ನೊಂದು ಕಣ ಹಿಡಿದು, ಬಿಸಿನೀರಿಗೆ ಸುರಿದ ಅಕ್ಕಿಹಿಟ್ಟಿನ ಹಾಗೆ ಗಂಟು ಕಟ್ಟಿಸುತ್ತವೆ. ಅಂಟದಿದ್ದರೆ ಕಣಗಳೆಲ್ಲ ತಳಕ್ಕಿಳಿದು ಕುಂಕುಮದ ಬೊಟ್ಟಿನಂತೆ ಕೂರುತ್ತವೆ. ಆ ಗಂಟನ್ನು ಮೇಷ್ಟ್ರ ಮುಂದೆ ಮಾಡಿ ತೋರಿಸಿದರೆ ಅವಳು ಪಾಸು.

ಹೋದ ತಿಂಗಳು ಫೋನ್ ಮಾಡಿದಳು. "ಅಣ್ಣಾ, ನಿಂದು ಓ ಗುಂಪಿನ ರಕ್ತ, ನನ್ನ ಪರೀಕ್ಷೆಗೆ ಅದೇ ಬೇಕು. ಇಲ್ಲಿ ರಕ್ತ ತೆಗಿಯೋರು ರಜೆ. ಬಸ್ಸಲ್ಲಿ ಟ್ಯೂಬ್ ಕಳಿಸ್ತೀನಿ, ಅಲ್ಲೇ ಲ್ಯಾಬಲ್ಲಿ ತೆಗೆಸ್ಕೊಂಡ್ ಬಾ. ಹೆದ್ರಬೇಡ, ಇರುವೆ ಕಚ್ಚಿದಂಗೆ."

"ಹೆದ್ರೋದಾ? ನಾನು ದಿನಾ ರಕ್ತದಲ್ಲೇ ಇರೋನು ಮಾರಾಯ್ತಿ!"

ಲ್ಯಾಬಿನ ಬಾಗಿಲ ತನಕ ಹೋದೆ. ಸ್ಪಿರಿಟ್ ವಾಸನೆ ಬಂತು. ಅಂಗಡಿಗೆ ವಾಪಸ್ ಬಂದೆ. ಅಲ್ಲಿ ಅಷ್ಟೊಂದು ರಕ್ತ ಸುಮ್ಮನೆ ಚರಂಡಿಗೆ ಹೋಗುತ್ತಿತ್ತು. ಕೆಂಪು ಕೆಂಪೇ ಅಲ್ಲವೇ, ನೀವೇ ಹೇಳಿ. ಟ್ಯೂಬ್ ತುಂಬಿಸಿ, ತೋಳಿಗೆ ಹತ್ತಿ ಅಂಟಿಸಿಕೊಂಡು, ಸುಸ್ತಾದವನ ಮುಖ ಮಾಡಿ ಸಾಗರದ ಬಸ್ಸು ಹತ್ತಿದೆ. ಸುಮ ಪಾಪ, ಎಳನೀರು ಕುಡಿಸಿದಳು. ಅದನ್ನೂ ಕುಡಿದೆ.

ಅವತ್ತೇ ಸಂಜೆ ಅವಳ ಫೋನು. "ಮನುಷ್ಯರ ಕೆಂಪು ಕಣದ ಮಧ್ಯೆ ಎಂತದೂ ಇರಲ್ಲ ಅಣ್ಣಾ. ಕೋಳೀದರಲ್ಲಿ ಬೀಜದಂಗೆ ಒಂದು ಚುಕ್ಕೆ ಇರ್ತದೆ. ಮೇಷ್ಟ್ರು ಮೈಕ್ರೋಸ್ಕೋಪಲ್ಲಿ ನೋಡಿ, 'ಏನಮ್ಮಾ, ನಿಮ್ಮಣ್ಣ ಮೊಟ್ಟೆ ಇಡ್ತಾರಾ?' ಅಂದ್ರು. ಕ್ಲಾಸೆಲ್ಲ ನಕ್ತು."

"ನೀನೆಂತ ಹೇಳ್ದೆ?"

"ನಾನೇ ಟ್ಯೂಬ್ ಅದಲುಬದಲು ಮಾಡ್ದೆ ಅಂದೆ. ಮತ್ತೆಂತ, ನಮ್ಮಣ್ಣ ಮೋಸಗಾರ ಅನ್ಲಾ?"

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮೇಷ್ಟ್ರು ಅವಳನ್ನೇ ಬೇಜವಾಬ್ದಾರಿಯವಳು ಅಂದುಕೊಂಡರು. ಕೊನೆಯ ಅವಕಾಶವೆಂದು ನಾಳೆಯ ದಿನ ಕೊಟ್ಟಿದ್ದಾರೆ. ಈ ಸಲ ರಕ್ತಕ್ಕೆ ಅವಳು ನನ್ನನ್ನು ಕೇಳಲೇ ಇಲ್ಲ. ಅದೇ ಚುಚ್ಚುತ್ತಿದೆ, ಸೂಜಿಗಿಂತ.

ಆ ಹೆಂಗಸು ಹೋದ ಮೇಲೆ ಕೈ ತೊಳೆದು ಫೋನ್ ಮಾಡಿದೆ. "ಸುಮಾ, ನಾಳೆ ಬರ್ತೀನಿ. ಮೋಸ ಮಾಡಿದ್ದು ನಾನೇ ಅಂತ ಮೇಷ್ಟ್ರಿಗೆ ಹೇಳ್ತೀನಿ. ರಕ್ತಾನೂ ಕೊಡ್ತೀನಿ."



"ಬಾ," ಅಂದಳು. "ಟ್ಯೂಬಲ್ಲಿ ತರ್ಬೇಡ. ತೋಳಲ್ಲೇ ತಗೊಂಡ್ ಬಾ."